ಹಲ್ಲಿನ ಗುರುತು

ಕೋಣೆಯನ್ನು ಕೇಳಿದ್ದು ಮೈದುನ. ಕೇಳಿದ್ದು ಎನ್ನುವುದಕ್ಕಿಂತ ಹೇಳಿದ್ದು ಎನ್ನಬೇಕು. ಬೆಳಗಿನ ತಿಂಡಿಯ ಹೊತ್ತಿನಲ್ಲಿ, ಬಾಯಲ್ಲಿ ಬ್ರೆಡ್ಡಿನ ತುಂಡು ಇರುವಾಗಲೇ, ಹಾಲು ಮುಗಿದಿದೆ ಎಂದು ಹೇಳುವ ಧಾಟಿಯಲ್ಲಿ ಹೇಳಿದ.

"ಅತ್ತಿಗೆ, ಭಾನುವಾರ ಬಡಗಿ ಬರ್ತಾನೆ. ನಿಮ್ಮ ಕೋಣೇಲಿರೋ ಮಂಚ, ಬೀರು ಎರಡೂ ಕಳಚೋಕೆ. ಅಮ್ಮ ಹೇಳಿದ್ರಲ್ಲ?"

ಅಮ್ಮ ಹೇಳಿರಲಿಲ್ಲ. ಅವಳ ಅತ್ತೆ ಚಹಾದ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಇಣುಕಿ ನೋಡುತ್ತಿದ್ದರು.

ಆ ಮನೆಯಲ್ಲಿ ಇದ್ದದ್ದು ಒಂದು ದೊಡ್ಡ ಕೋಣೆ, ಒಂದು ಸಣ್ಣ ಕೋಣೆ, ಒಂದು ಹಾಲ್. ದೊಡ್ಡದು ಮದುವೆಯಾಗಿ ಬಂದಾಗಿನಿಂದ ಅವಳದೂ ಗಂಡನದೂ. ಕಳೆದ ವರ್ಷದಿಂದ ಅವಳೊಬ್ಬಳದು. ಸಣ್ಣದರಲ್ಲಿ ಮೈದುನ, ಅವನ ಹೆಂಡತಿ, ಅವರ ಮಗಳು ಪುಟ್ಟಿ ಒಬ್ಬರ ಮೇಲೊಬ್ಬರು ಬಿದ್ದು ಮಲಗುತ್ತಿದ್ದರು. ಹಾಲ್‌ನಲ್ಲಿ ಅತ್ತೆ. ಈಗ ಓರಗಿತ್ತಿಗೆ ದಿನ ತುಂಬುತ್ತ ಬಂದಿತ್ತು. ಇನ್ನೊಂದು ಮಗು ಬಂದರೆ ಆ ಸಣ್ಣ ಕೋಣೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ ಎಂಬುದು ಕಣ್ಣಿದ್ದವರಿಗೆಲ್ಲ ಕಾಣುವಂಥದ್ದು. ಅವಳಿಗೂ ಕಂಡಿತ್ತು. ಮೈದುನನ ಮಾತಿನಲ್ಲಿ ಅನ್ಯಾಯ ಹುಡುಕಲು ಹೊರಟರೆ ಕೈಗೆ ಏನೂ ಸಿಗುತ್ತಿರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ.

"ನಾನೆಲ್ಲಿ ಮಲಗಲಿ?"

"ಹಾಲ್‌ನಲ್ಲಿ, ಅಮ್ಮನ ಜೊತೆ. ಸೋಫಾ ಬಿಚ್ಚಿದ್ರೆ ಮಂಚ ಆಗತ್ತಲ್ಲ."

"ಸಣ್ಣ ಕೋಣೆ?"

"ಅದು ಪುಟ್ಟಿಗೆ. ಅವಳ ಓದು, ಆಟದ ಸಾಮಾನು. ನಾನೂ ಮನೆಯಿಂದ ಕೆಲಸ ಮಾಡೋ ದಿನ ಅಲ್ಲೇ ಕೂತ್ಕೋತೀನಿ."

"ನೀವೊಬ್ರೇ ತಾನೆ ಅಕ್ಕ," ಎಂದಳು ಓರಗಿತ್ತಿ, ಹೊಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು. "ಹಾಲ್‌ನಲ್ಲಿದ್ರೆ ಎಲ್ಲರ ಜೊತೆ ಇದ್ದ ಹಾಗಾಗತ್ತೆ. ಒಳಗೆ ಬಾಗಿಲು ಹಾಕ್ಕೊಂಡು ಏನು ಯೋಚ್ನೆ ಮಾಡ್ತಿರ್ತೀರೋ ಅಂತ ನಮಗೆ ಜೀವ ಹಾರತ್ತೆ."

ಅವಳು "ಆಗಲಿ" ಎಂದಳು.

ಕಳೆದ ವರ್ಷದಿಂದ ಅವಳ ಬಾಯಿಗೆ ಅಂಟಿಕೊಂಡ ಮಾತು ಅದು. ಗಂಡ ಕೆಲಸಕ್ಕೆ ಹೊರಟು, ಬಾಗಿಲ ಬಳಿ ಬೂಟಿನ ದಾರ ಕಟ್ಟಲು ಬಗ್ಗಿದವನು ಮೇಲೇಳಲಿಲ್ಲ. ಆಮೇಲೆ ಜನ ಬಂದು ಒಂದೊಂದೇ ಕೇಳತೊಡಗಿದರು. ಅವನ ಬಟ್ಟೆ ಯಾರಿಗಾದರೂ ಕೊಟ್ಟುಬಿಡೋಣವೇ? ಆಗಲಿ. ಅವನ ಫೋನ್ ನಂಬರು ತೆಗೆಸಿಬಿಡೋಣವೇ? ಆಗಲಿ. ಸ್ಕೂಟರನ್ನು ಅವನ ತಮ್ಮ ಓಡಿಸಲಿಯೇ? ಆಗಲಿ. ಎಷ್ಟು ಒಳ್ಳೆಯವಳು, ಎಷ್ಟು ಗಟ್ಟಿಗಿತ್ತಿ ಎಂದು ಎಲ್ಲರೂ ಹೊಗಳಿದರು. ಅದು ಒಳ್ಳೆಯತನವೂ ಅಲ್ಲ, ಗಟ್ಟಿತನವೂ ಅಲ್ಲ. ಜೋಮು ಹಿಡಿದ ಕಾಲನ್ನು ಯಾರಾದರೂ ತುಳಿದರೆ ಸುಮ್ಮನಿರುತ್ತೇವಲ್ಲ, ಅಂಥದ್ದು.

ಆದರೆ ಕೋಣೆಯ ಮಾತು ಬೇರೆ. ಸಂಜೆ ಕೆಲಸದಿಂದ ಬಂದವಳು ಆ ಬಾಗಿಲು ಹಾಕಿ, ಮಂಚಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುತ್ತಿದ್ದಳು. ಅಳುತ್ತಿರಲಿಲ್ಲ, ಫೋಟೋ ನೋಡುತ್ತಿರಲಿಲ್ಲ. ಸುಮ್ಮನೆ, ಯಾರಿಗೂ ಮುಖ ತೋರಿಸದೆ ಕೂರುತ್ತಿದ್ದಳು. ಆ ಹೊತ್ತು ಇಲ್ಲದೆ ಹೋದರೆ ಮರುದಿನ ಎದ್ದು ಹಲ್ಲುಜ್ಜುವುದೂ ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು. ಇದನ್ನು ಹೇಳುವುದು ಹೇಗೆ? ನನಗೊಂದು ಬಾಗಿಲು ಬೇಕು, ಯಾಕೆಂದರೆ ಅದರ ಹಿಂದೆ ನಾನು ಏನೂ ಮಾಡುವುದಿಲ್ಲ ಎಂದು ಮಗು ಹೆರಲಿರುವವಳ ಮುಂದೆ ಹೇಳಲಾದೀತೇ?

ತಟ್ಟೆ ತೊಳೆದಿಟ್ಟು ಅವಳು ಕೆಲಸಕ್ಕೆ ಹೊರಟಳು.

ಅವಳ ಕೆಲಸ ಒಂದು ಮುದ್ರಣಾಲಯದಲ್ಲಿ. ಅಚ್ಚಿಗೆ ಹೋಗುವ ಚಿತ್ರಗಳನ್ನು ಶುದ್ಧ ಮಾಡುವುದು. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಧೂಳಿನ ಕಣ, ಕೂದಲೆಳೆ, ಗೀರು, ತೇವದ ಕಲೆ, ಹಳೆಯ ಕಾಗದದ ಮಡಿಕೆ ಎಲ್ಲವೂ ಇರುತ್ತವೆ. ಬರಿಗಣ್ಣಿಗೆ ಕಾಣದವು ಪರದೆಯ ಮೇಲೆ ದೊಡ್ಡದು ಮಾಡಿದಾಗ ಹೊಲದಲ್ಲಿ ಚೆಲ್ಲಿದ ಕಲ್ಲುಗಳಂತೆ ಎದ್ದು ಕಾಣುತ್ತವೆ. ಅವನ್ನೆಲ್ಲ ಒಂದೊಂದಾಗಿ ಒರೆಸಿ, ಪಕ್ಕದ ಬಣ್ಣವನ್ನು ಅಲ್ಲಿಗೆ ಎಳೆದು ಮುಚ್ಚಬೇಕು. ಅವಳು ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯ ಇತಿಹಾಸ ಓದಿದವಳು. ಒಂದು ಚಿತ್ರದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವಳಾಗಿದ್ದಳು, ಒಂದು ಕಾಲದಲ್ಲಿ. ಈಗ ಅವಳು ಚಿತ್ರಗಳನ್ನು ನೋಡುತ್ತಿರಲಿಲ್ಲ, ಕಲೆಗಳನ್ನು ಮಾತ್ರ ನೋಡುತ್ತಿದ್ದಳು. ಪ್ರೆಸ್ಸಿನಲ್ಲಿ ಅವಳಿಗೆ ಒರೆಸಕ್ಕ ಎಂದೇ ಹೆಸರು. "ಒರೆಸಕ್ಕನ ಕೈಗೆ ಸಿಕ್ರೆ ಚಂದ್ರನ ಮೇಲೂ ಒಂದು ಚುಕ್ಕೆ ಉಳಿಯಲ್ಲ," ಎನ್ನುತ್ತಿದ್ದ ಮಷಿನ್ ನಡೆಸುವವನು. ಆ ಒಂದು ವರ್ಷದಲ್ಲಿ ಅವಳ ಕೆಲಸದಲ್ಲಿ ಯಾರೂ ತಪ್ಪು ತೆಗೆದಿರಲಿಲ್ಲ.

ಆ ವಾರ ಅವಳ ಮೇಜಿನ ಮೇಲಿದ್ದದ್ದು ಟ್ಯಾರೋ ಕಾರ್ಡುಗಳ ಕಟ್ಟು. ಜನ ತಮ್ಮ ತಾಪತ್ರಯ ಹೇಳಿಕೊಂಡು ಬರುತ್ತಾರೆ. ಕಾರ್ಡು ನೋಡುವವರು ಕಟ್ಟನ್ನು ಕಲಸಿ ಹರಡುತ್ತಾರೆ. ಯಾವ ಚಿತ್ರ ಬಂತೋ ಅದನ್ನು ಹಿಡಿದು ಬದುಕಿನ ಬಗ್ಗೆ ಮಾತಾಡುತ್ತಾರೆ. ಈ ಕಟ್ಟನ್ನು ಅಂಥ ಒಬ್ಬಾಕೆ ತಾನೇ ಕೈಯಾರೆ ಬರೆದು ಅಚ್ಚಿಗೆ ತಂದಿದ್ದರು. ಪ್ರೆಸ್ಸಿನವರ ಬಾಯಲ್ಲಿ ಅವರು ಕಾರ್ಡಮ್ಮ.

ಅದರಲ್ಲೊಂದು ಕಾರ್ಡಿನ ಹೆಸರು 'ಶಕ್ತಿ'. ಬಿಳಿಯ ನಿಲುವಂಗಿ ತೊಟ್ಟ ಹೆಂಗಸೊಬ್ಬಳು ಬಗ್ಗಿ, ಎರಡೂ ಕೈಗಳನ್ನು ಸಿಂಹದ ಬಾಯಿಗೆ ಇಟ್ಟಿದ್ದಾಳೆ. ಜೊತೆಗೆ ಕೊಡುವ ಪುಸ್ತಿಕೆಯಲ್ಲಿ ಆ ಚಿತ್ರದ ಬಗ್ಗೆ ಹೀಗೆ ಬರೆದಿತ್ತು: 'ಶಕ್ತಿ ಎಂದರೆ ಅಬ್ಬರವಲ್ಲ. ಮೊದಲು ನಿಮ್ಮನ್ನು ನೀವು ನೋಡಿಕೊಳ್ಳಿ. ನಿಮ್ಮೊಳಗಿನ ಸಿಂಹವನ್ನು ಪ್ರೀತಿಯಿಂದ ಪಳಗಿಸಿ.'

ಓದಿ ಅವಳು ಮೂಗಿನಲ್ಲೇ ನಕ್ಕಿದ್ದಳು. ನಿನ್ನನ್ನು ನೀನು ನೋಡ್ಕೋ ಎಂಬ ಮಾತನ್ನು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. ಡಾಕ್ಟರು ಹೇಳಿದ್ದರು. ಪ್ರೆಸ್ಸಿನ ಮುಂದಿನ ಮೇಜಿನ ಹುಡುಗಿ ಹೇಳಿ, ಸುವಾಸನೆಯ ಮೇಣದಬತ್ತಿ ಬೇರೆ ಕೊಟ್ಟಿದ್ದಳು. ಅವಳ ತಾಯಿ ಫೋನಿನಲ್ಲಿ ಪ್ರತಿ ಸಲ ಹೇಳುತ್ತಿದ್ದರು: "ನಿನ್ನನ್ನು ನೀನು ನೋಡ್ಕೋಮ್ಮ. ಹಾಗೇ ನಿನ್ನ ತಮ್ಮನಿಗೂ ಅಲ್ಲೇ ಎಲ್ಲಾದ್ರೂ ಒಂದು ಕೆಲಸ ನೋಡು." ಹೇಳಿದವರೆಲ್ಲ ಆ ಮಾತಿನ ಬಾಲಕ್ಕೆ ಏನಾದರೊಂದು ಹೊರೆ ಕಟ್ಟಿಯೇ ಕಳಿಸುತ್ತಿದ್ದರು. ಈಗ ಕಾರ್ಡಿನ ಮೇಲಿನ ಹೆಂಗಸೂ ಶುರುಮಾಡಿದಳಲ್ಲ ಎಂದುಕೊಂಡು, ಅವಳ ಮೈಮೇಲಿನ ಕಲೆಗಳನ್ನೆಲ್ಲ ಒರೆಸಿ ಮುಗಿಸಿದ್ದಳು.

ಕೋಣೆ ಕೊಟ್ಟುಬಿಟ್ಟ ಆ ದಿನವೇ ಕಾರ್ಡಮ್ಮ ಮಾದರಿ ಪ್ರತಿ ನೋಡಲು ಬಂದರು. ಎತ್ತರದ ಹೆಂಗಸು, ಒಡೆದ ದನಿ, ಮೂಗಿನ ಮೇಲೊಂದು ಕನ್ನಡಕ, ತಲೆಯ ಮೇಲೊಂದು. ದೀಪದ ಕೆಳಗೆ ಹರಡಿದ ಹಾಳೆಯ ಮೇಲೆ ಬೆರಳಾಡಿಸುತ್ತ ಬಂದವರು ಒಂದು ಕಡೆ ನಿಂತರು.

"ಇವಳ್ಯಾರು?"

"ಶಕ್ತಿ," ಎಂದಳು ಅವಳು.

"ಅದು ಕೆಳಗೆ ಬರೆದಿದೆ, ನಂಗೂ ಓದೋಕೆ ಬರತ್ತೆ. ನಾನು ಬರೆದ ಹೆಂಗಸು ಎಲ್ಲಿ ಅಂತ ಕೇಳ್ತಿದೀನಿ. ಇವಳು ಶಾಂಪೂ ಜಾಹೀರಾತಿನೋಳು."

ಪಕ್ಕದಲ್ಲಿದ್ದ ಪ್ರೆಸ್ಸಿನ ಯಜಮಾನರು ನಕ್ಕರು. ನಗಬಾರದಿತ್ತೆಂದು ತಿಳಿದು, ಕೂಡಲೇ ಅದನ್ನು ಕೆಮ್ಮಾಗಿ ಮಾರ್ಪಡಿಸಿದರು.

"ಕೈ ನೋಡಿ," ಎಂದರು ಕಾರ್ಡಮ್ಮ. "ಇಲ್ಲಿ, ಮಣಿಕಟ್ಟಿನ ಮೇಲೆ ಹಲ್ಲಿನ ಗುರುತಿತ್ತು. ಎರಡು ಕೈಗೂ ಇತ್ತು. ಎಲ್ಲಿ ಹೋಯ್ತು? ಹುಬ್ಬಿನ ನಡುವೆ ಒಂದು ಗಂಟು ಇತ್ತು. ಅದೆಲ್ಲಿ? ನಿದ್ದೆಗಣ್ಣಲ್ಲಿ ಸಿಂಹಕ್ಕೆ ಔಷಧಿ ಕುಡಿಸ್ತಿರೋ ಹಾಗಿದಾಳೆ."

ಅವಳಿಗೆ ಥಟ್ಟನೆ ನೆನಪಾಯಿತು. ಕಂದುಗೆಂಪಿನ ಸಣ್ಣ ಚುಕ್ಕೆಗಳು, ಬಿಲ್ಲಿನಂತೆ ಬಾಗಿದ ಸಾಲು. ಹಳೆಯ ಕಾಗದಕ್ಕೆ ತೇವ ತಗುಲಿದರೆ ಥೇಟ್ ಅಂಥವೇ ಚುಕ್ಕೆ ಬೀಳುತ್ತವೆ. ಹುಬ್ಬಿನ ನಡುವಿನದನ್ನು ಅವಳು ಕಾಗದದ ಮಡಿಕೆ ಎಂದುಕೊಂಡಿದ್ದಳು. ಎಲ್ಲವನ್ನೂ ತನ್ನ ಕೈಯಾರೆ, ಶ್ರದ್ಧೆಯಿಂದ, ಚರ್ಮದ ಬಣ್ಣ ಎಳೆದು ಮುಚ್ಚಿದ್ದಳು.

ತಪ್ಪಾಯಿತು ಎನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಅಷ್ಟು ಸಣ್ಣದಾಗಿ ಬರೆದ್ರೆ ಯಾರಿಗೆ ಗೊತ್ತಾಗತ್ತೆ? ಕಚ್ಚಿದ್ದು ಅಂದ್ರೆ ಕಚ್ಚಿದ ಹಾಗೆ ಕಾಣ್ಬೇಕು. ರಕ್ತ ಸುರೀಬೇಕಿತ್ತು! ಧೂಳಿನ ಥರ ಗಾಯ ಬರೆದು, ಈಗ ಧೂಳು ಒರೆಸಿದೋಳನ್ನ ಬಯ್ತೀರಲ್ಲ?"

ಮಷಿನ್ ನಡೆಸುವವನು ಬಾಗಿಲಲ್ಲಿ ಇಣುಕಿದ. ಒರೆಸಕ್ಕನ ದನಿ ಇಷ್ಟು ದೊಡ್ಡದಿದೆ ಎಂದು ಅವನಿಗೆ ಇವತ್ತೇ ಗೊತ್ತಾದದ್ದು.

"ನೀವು ಸಿಟ್ಟಾಗ್ಬೇಡಿ," ಎಂದರು ಕಾರ್ಡಮ್ಮ. "ಸಿಟ್ಟಾಗೋಕೆ ಅಂತಾನೇ ನಾನು ಎರಡು ಬಸ್ಸು ಬದಲಾಯಿಸ್ಕೊಂಡು ಬಂದಿದೀನಿ." ಅಷ್ಟು ಹೇಳಿ, ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಬಲಗೈಯನ್ನು ದೀಪದ ಕೆಳಗೆ ಇಟ್ಟರು. "ನೋಡಿ. ನಿಜವಾಗ್ಲೂ ಅಷ್ಟೇ ಇರೋದು."

ಮಣಿಕಟ್ಟಿನ ಸುತ್ತ ಬಿಲ್ಲಿನಂತೆ ಬಾಗಿದ ಸಣ್ಣ ಚುಕ್ಕೆಗಳಿದ್ದವು.

"ಸಿಂಹಾನಾ?" ಎಂದರು ಯಜಮಾನರು.

"ಸಿಂಹ ಎಲ್ಲಿಂದ ತರ್ಲಿ ಸ್ವಾಮಿ? ಪಕ್ಕದ ಮನೆ ನಾಯಿ. ಗಂಟಲಲ್ಲಿ ಮೂಳೆ ಸಿಕ್ಕಿಹಾಕ್ಕೊಂಡು ಒದ್ದಾಡ್ತಿತ್ತು. ಕೈ ಹಾಕಿದೆ. ಕಚ್ತು. ಆಗ ಕೈ ಎಳ್ಕೊಂಡಿದ್ರೆ ಚರ್ಮ ಕಿತ್ತು ಬರ್ತಿತ್ತು, ಅದೂ ಸಾಯ್ತಿತ್ತು. ಹೊಡೆದಿದ್ರೆ ಇನ್ನೂ ಜೋರಾಗಿ ಕಚ್ತಿತ್ತು. ಸುಮ್ನೆ ಕೈ ಅಲ್ಲೇ ಇಟ್ಟೆ. ಬಾಯಿಗೆ ಬಂದಿದ್ದೆಲ್ಲ ಬಯ್ದೆ, ಆದ್ರೆ ಮೆತ್ತಗೆ ಬಯ್ದೆ. ಸ್ವಲ್ಪ ಸಡಿಲ ಬಿಡ್ತು. ಮೂಳೆ ಬಂತು."

"ಬದುಕ್ತಾ?" ಎಂದು ಕೇಳಿದ ಮಷಿನ್ ನಡೆಸುವವನು.

"ಬದುಕ್ದೆ ಏನು? ಇವತ್ತಿಗೂ ನನ್ನ ಕಂಡ್ರೆ ಗುರ್ ಅನ್ನತ್ತೆ, ದರಿದ್ರದ್ದು."

ಶನಿವಾರ ಹಾಳೆ ಮಷಿನ್‌ಗೆ ಹೋಗಲೇಬೇಕಿತ್ತು. ಯಜಮಾನರು ಅವಳನ್ನು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವಳಿಗೆ ಹೆಚ್ಚು ಚುಚ್ಚಿತು. ಪಾಪ, ಗಂಡ ಹೋದವಳು ಎಂದು ಬಿಟ್ಟರೋ ಏನೋ. ಅವಳು ಬೇರೆ ಪ್ರತಿ ಇಡದೆ ಮೊದಲಿನ ಸ್ಕ್ಯಾನ್ ಮೇಲೆಯೇ ಒರೆಸಿ ಸೇವ್ ಮಾಡಿಬಿಟ್ಟಿದ್ದಳು. ಮತ್ತೆ ಮೊದಲಿನಿಂದ ಎಲ್ಲ ಮಾಡಬೇಕು. ಕಾರ್ಡಮ್ಮ ಚೀಲದಿಂದ ಮೂಲ ಚಿತ್ರ ತೆಗೆದುಕೊಟ್ಟು, "ಜೋಪಾನ, ಇದೊಂದೇ ಇರೋದು," ಎಂದು ಹೋದರು.

ಅವಳು ಭೂತಗನ್ನಡಿ ಹಿಡಿದು ಮೂಲದ ಮೇಲೆ ಬಗ್ಗಿದಳು. ಈ ಸಲ ಒರೆಸಲಿಕ್ಕಲ್ಲ, ಏನನ್ನು ಉಳಿಸಬೇಕೆಂದು ಗುರುತಿಸಲಿಕ್ಕೆ. ಕೆಲಸವೇ ತಿರುವುಮುರುವಾಗಿತ್ತು. ಯಾವುದು ಧೂಳು, ಯಾವುದು ಗಾಯ ಎಂದು ಪ್ರತಿ ಚುಕ್ಕೆಯ ಮುಂದೆ ನಿಂತು ಯೋಚಿಸಬೇಕಾಯಿತು.

ಗಾಯಗಳೆಲ್ಲ ಒಂದೇ ಬಣ್ಣದವಲ್ಲ. ಕೆಲವು ಮಾಸಿ ಕಂದಾಗಿದ್ದವು, ಒಂದು ಸಾಲು ಮಾತ್ರ ಹಸಿ ಕೆಂಪು. ಅಂದರೆ ಈ ಹೆಂಗಸು ಕೈ ಇಡುತ್ತಿರುವುದು ಇದೇ ಮೊದಲಲ್ಲ. ಹುಬ್ಬು ಗಂಟಿಕ್ಕಿತ್ತು. ಒಂದು ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತ್ತು, ಭಾರವನ್ನೆಲ್ಲ ಹಾಕಿದ್ದಾಳೆ. ತುಟಿ ಸ್ವಲ್ಪ ತೆರೆದಿತ್ತು, ಏನೋ ಹೇಳುತ್ತಿದ್ದಾಳೆ. ಹಾಡೇನೂ ಇರಲಾರದು, ಬೈಗುಳವೇ ಇರಬೇಕು. ಸಿಂಹದ ಕಣ್ಣು ಅವಳ ಮುಖದ ಮೇಲಿತ್ತು. ಅದಕ್ಕೂ ಗಾಬರಿ. ಸಿಂಹದ ಬಾಯನ್ನು ಮುಚ್ಚುತ್ತಿದ್ದಾಳೆ ಎಂದು ಅವಳು ಮೊದಲ ಸಲ ಅಂದುಕೊಂಡಿದ್ದಳು. ಈಗ ನೋಡಿದರೆ ತೆರೆಯುತ್ತಿರುವಂತೆ ಕಂಡಿತು. ಮತ್ತೆ ಮತ್ತೆ ನೋಡಿದಳು. ತೆರೆಯುತ್ತಲೇ ಇದ್ದಾಳೆ.

ಅವಳ ಎದೆಯಲ್ಲಿ ಬೆಳಗ್ಗೆಯಿಂದ ಏನೋ ಗುರುಗುಟ್ಟುತ್ತಿತ್ತು. ಕಾರ್ಡಮ್ಮನ ಮೇಲಿನ ಸಿಟ್ಟು ಎಂದುಕೊಂಡಿದ್ದಳು. ಅದು ಅಷ್ಟಕ್ಕೇ ನಿಲ್ಲುವಂತೆ ಕಾಣಲಿಲ್ಲ. ಮೈದುನನ ಬ್ರೆಡ್ಡು ತುಂಬಿದ ಬಾಯಿ, ಓರಗಿತ್ತಿಯ 'ನೀವೊಬ್ರೇ ತಾನೆ', ಯಜಮಾನರ ಕೆಮ್ಮು ಎಲ್ಲದರ ಮೇಲೂ ಸಿಟ್ಟು. ಕೊನೆಗೆ ಬೂಟಿನ ದಾರಕ್ಕೆ ಬಗ್ಗಿ ಒಂದು ಮಾತೂ ಹೇಳದೆ ಹೋದವನ ಮೇಲೆ. ಅಲ್ಲಿಗೆ ಬಂದಾಗ ಅವಳಿಗೆ ಹೆದರಿಕೆಯಾಯಿತು. ಎದ್ದು ಕೈತೊಳೆಯುವ ಕೋಣೆಗೆ ಹೋದಳು.

ಕನ್ನಡಿಯಲ್ಲಿ ಕಂಡ ಮುಖ ನುಣ್ಣಗಿತ್ತು, ಯಾರೋ ಶ್ರದ್ಧೆಯಿಂದ ಒರೆಸಿಟ್ಟ ಹಾಗೆ. ದವಡೆ ಮಾತ್ರ ಕಲ್ಲು. ಎಷ್ಟು ಕಾಲದಿಂದ ಹಲ್ಲು ಕಚ್ಚಿ ಹಿಡಿದಿದ್ದಳೋ ಏನೋ, ಬೆರಳಿಟ್ಟು ಒತ್ತಿದರೆ ಕಿವಿಯವರೆಗೆ ನೋವು. ಅವಳು ಎರಡೂ ಕೈ ಎತ್ತಿ ದವಡೆಯ ಎರಡು ಬದಿ ಹಿಡಿದು ಮೆಲ್ಲಗೆ ಉಜ್ಜಿದಳು. ಸಡಿಲಿಸಲು ನೋಡಿದಳು, ಬಿಡಲಿಲ್ಲ. ಬಿಡೇ ಮಾರಾಯ್ತಿ ಎಂದು ಒಳಗೇ ಬೈದಳು. ಸ್ವಲ್ಪ ಬಿಟ್ಟಿತು. ಬಾಯಿ ತೆರೆದು, ಎಲ್ಲಿಂದಲೋ 'ಹಾ' ಎಂಬ ಒಡ್ಡೊಡ್ಡು ಸದ್ದು ಹೊರಬಿತ್ತು.

ಮುಂದಿನ ಮೇಜಿನ ಹುಡುಗಿ ಬಾಗಿಲು ತಳ್ಳಿ ಒಳಗೆ ಬಂದಳು. "ಹಲ್ಲುನೋವಾ ಅಕ್ಕ?"

"ಹೂಂ."

"ಲವಂಗ ಇಟ್ಕೊಳ್ಳಿ," ಎಂದು ಹುಡುಗಿ ತಲೆ ಬಾಚಿಕೊಳ್ಳತೊಡಗಿದಳು.

ಆ ಸಂಜೆ ಅವಳು ಹೇಳಿಯೇಬಿಡಬೇಕೆಂದು ಹೊರಟಳು. ಅತ್ತೆ ಹಾಲ್‌ನಲ್ಲಿ ಕುಳಿತು ಒಣಗಿದ ಬಟ್ಟೆ ಮಡಚುತ್ತಿದ್ದರು.

"ಅತ್ತೆ, ಕೋಣೆ ವಿಷಯ..."

"ನನ್ನ ಗೊರಕೆಗೆ ಹೆದರಿದ್ಯಾ? ಒಂದು ಮಗ್ಗುಲಲ್ಲಿ ಮಲಗಿದ್ರೆ ಬರಲ್ಲ, ಬಿಡು."

"ಅದಲ್ಲ..."

ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡರು. "ನಿಜ ಹೇಳ್ಲಾ? ನಂಗೆ ಒಂಥರಾ ಸಮಾಧಾನ. ನೀನು ಪಕ್ಕದಲ್ಲಿ ಮಲಗಿದ್ರೆ ಅವನೇ ಪಕ್ಕದಲ್ಲಿದ್ದ ಹಾಗೆ." ಅವರ ಕಣ್ಣು ತುಂಬಿತು. ಮೂಗು ಕೆಂಪಾಯಿತು.

ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಬಾಗಿಲು, ಗೋಡೆ ಎಂದು ಮಾತಾಡಲಾದೀತೇ? ಅವಳು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಸೇರಿ ಮಡಚಿದರು. "ಆಗಲಿ ಅಲ್ವಾ?" ಎಂದರು ಅತ್ತೆ.

"ಆಗಲಿ."

ಹೇಳಿದ ಮರುಕ್ಷಣ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು. ಸಣ್ಣ ಕೋಣೆಯ ಗೋಡೆಯ ಮೇಲೆ ಪುಟ್ಟಿ ಆಗಲೇ ಮೀನು, ಆನೆ, ರಾಕೆಟ್ಟುಗಳ ಚಿತ್ರ ಅಂಟಿಸುತ್ತಿದ್ದಳು.

ಶನಿವಾರ ಕಾರ್ಡುಗಳು ಅಚ್ಚಾದವು. ಯಜಮಾನರು ಹಾಳೆ ನೋಡಿ, "ಈಗ ಹೆಂಗಸು ಹೆಂಗಸಿನ ಹಾಗಿದಾಳೆ. ನೋಡಿದ್ರೆ ಭಯ ಆಗತ್ತೆ," ಎಂದರು. ಅವಳಿಗೆ ಅದರಿಂದ ಖುಷಿಯೇನೂ ಆಗಲಿಲ್ಲ. ಕಾಗದದ ಮೇಲೆ ಗಾಯ ವಾಪಸು ತರುವುದು ಸುಲಭ, ಮನೆಗೆ ಹೋದರೆ ತನ್ನ ಬಾಯಿಯೇ ತನ್ನ ಮಾತು ಕೇಳುವುದಿಲ್ಲ ಎಂದುಕೊಂಡು ಬಸ್ಸು ಹತ್ತಿದಳು.

ಭಾನುವಾರ ಬಡಗಿ ಬಂದ. ಕಿವಿಯಲ್ಲಿ ಪೆನ್ಸಿಲ್ಲು, ಬಾಯಲ್ಲಿ ಯಾವುದೋ ರಾಗ. ಬಂದವನೇ ಬೀರುವಿನ ಒಂದು ಬಾಗಿಲು ಕಳಚಿದ. ಮೈದುನ ಮಂಚದ ಅಳತೆ ತೆಗೆಯುತ್ತಿದ್ದ. ಓರಗಿತ್ತಿ ಸೊಂಟಕ್ಕೆ ಕೈ ಕೊಟ್ಟು, ಕಿಟಕಿಯ ಕಡೆ ತೊಟ್ಟಿಲು, ಅದರ ಪಕ್ಕ ಫ್ಯಾನು ಎಂದು ಹೇಳುತ್ತಿದ್ದಳು. ಯಾರೋ ಅವಳ ಅಂಗೈಗೆ ಹಿಡಿ ಸ್ಕ್ರೂ ಸುರಿದು, "ಹಿಡ್ಕೊಂಡಿರಿ, ಕಳೆದುಹೋಗ್ತವೆ," ಎಂದರು. ಅವಳು ತನ್ನ ಕೋಣೆಯ ನಡುವೆ ಸ್ಕ್ರೂ ಹಿಡಿದು ನಿಂತಳು.

ದವಡೆ ಮತ್ತೆ ಕಲ್ಲಾಗಿತ್ತು. ಅವಳು ಬಿಡುವಿದ್ದ ಕೈಯನ್ನು ಅಲ್ಲಿಟ್ಟಳು.

"ನಾನು ಹಾಲ್‌ಗೆ ಹೋಗಲ್ಲ," ಎಂದಳು.

ಮೆಲ್ಲಗೆ, ಸ್ಪಷ್ಟವಾಗಿ ಹೇಳಬೇಕೆಂದಿದ್ದಳು. ದನಿ ಒಡೆದು, ಅರ್ಧ ಕಿರುಚಿದ ಹಾಗಾಯಿತು. ಬಡಗಿಯ ರಾಗ ನಿಂತಿತು.

"ಏನಂದ್ರಿ?" ಎಂದ ಮೈದುನ.

"ಹಾಲ್‌ಗೆ ಹೋಗಲ್ಲ. ನಂಗೆ ಬಾಗಿಲಿರೋ ಕೋಣೆ ಬೇಕು."

"ಅವತ್ತೇ ಆಗಲಿ ಅಂದ್ರಲ್ಲ!"

"ಅಂದೆ. ಅವತ್ತು ಸಂಜೆ ಅತ್ತೆಗೂ ಅಂದೆ. ತಪ್ಪು ಮಾಡ್ದೆ. ಈಗ ಇಲ್ಲ ಅಂತಿದೀನಿ."

"ಹಾಗಾದ್ರೆ ನಾವು ಬೀದೀಲಿ ಮಲಗ್ಬೇಕಾ? ಇವಳ ಸ್ಥಿತಿ ನೋಡಿ!"

"ಈ ಕೋಣೆ ನೀವು ತಗೊಳ್ಳಿ. ನಿಮಗೆ ಬೇಕು. ಸಣ್ಣ ಕೋಣೆ ನಂಗೆ."

"ಅದು ಪುಟ್ಟಿಗೆ ಅಂತ ಹೇಳಿದೀನಿ."

"ಪುಟ್ಟಿ ಇನ್ನೂ ನಿಮ್ಮ ಕುತ್ತಿಗೆ ಮೇಲೆ ಕಾಲು ಹಾಕ್ಕೊಂಡೇ ಮಲಗೋದು. ಅವಳಿಗೆ ಕೋಣೆ ಬೇಕಾಗೋ ಕಾಲಕ್ಕೆ ನೋಡೋಣ."

"ಒಬ್ರಿಗೆ ಒಂದು ಕೋಣೆ ಯಾಕೆ ಅಕ್ಕ?" ಓರಗಿತ್ತಿಯ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ಒಳಗೆ ಅಂಥದ್ದೇನು ಮಾಡ್ತೀರಾ?"

"ಏನೂ ಮಾಡಲ್ಲ. ಏನೂ ಮಾಡ್ದೆ ಇರೋಕೇ ಬೇಕು."

ಬಡಗಿ ನ್ಯಾಯವೇ ಎಂಬಂತೆ ತಲೆಯಾಡಿಸಿ, ಮೈದುನನ ಮುಖ ನೋಡಿ ತಲೆ ನಿಲ್ಲಿಸಿದ.

ಮೈದುನ ಅಳತೆಯ ಟೇಪನ್ನು ಬಿಟ್ಟ. ಅದು ಸರ್ರನೆ ಸುತ್ತಿಕೊಂಡಿತು. "ಅಣ್ಣ ಇದ್ದಿದ್ರೆ ನೀವು ಹೀಗೆ ಮಾಡ್ತಿರಲಿಲ್ಲ."

ಕಚ್ಚಿತು. ಎಲ್ಲಿ ಕಚ್ಚಬೇಕೋ ಅಲ್ಲೇ ಕಚ್ಚಿತು. ಎಂದಿನ ಅಭ್ಯಾಸದಂತೆ ಎಲ್ಲವನ್ನೂ ಬಿಟ್ಟು, ಕೈ ಎಳೆದುಕೊಂಡು, ಆಗಲಿ ಎಂದು ಹೊರಟುಹೋಗಬೇಕೆನಿಸಿತು. ಅದರ ಬೆನ್ನಿಗೇ, ಕೈಯಲ್ಲಿದ್ದ ಸ್ಕ್ರೂಗಳನ್ನೆಲ್ಲ ಅವನ ಮುಖದ ಮೇಲೆ ಎರಚಬೇಕೆನಿಸಿತು. ಅವಳು ಎರಡನ್ನೂ ಮಾಡಲಿಲ್ಲ. ನಿಂತಲ್ಲೇ ನಿಂತಳು. ಕಚ್ಚಿದವನ ಮುಖ ನೋಡಿದಳು. ಅವನ ಗಲ್ಲ ನಡುಗುತ್ತಿತ್ತು. ಅಣ್ಣನ ಹೆಸರನ್ನು ಅವನೂ ಎಷ್ಟೋ ತಿಂಗಳ ಮೇಲೆ ಬಾಯಿಗೆ ತಂದಿದ್ದ.

"ಅವರು ಇದ್ದಿದ್ರೆ ನೀವು ಈ ಕೋಣೆ ಕೇಳ್ತಾನೇ ಇರಲಿಲ್ಲ," ಎಂದಳು. ಈ ಸಲ ದನಿ ಒಡೆಯಲಿಲ್ಲ. "ಕೇಳಿದ್ದು ತಪ್ಪು ಅಂತಿಲ್ಲ. ನಾನು ಬದುಕಿದೀನಿ ಅನ್ನೋದನ್ನೂ ಲೆಕ್ಕಕ್ಕೆ ಹಿಡೀರಿ ಅಂತಿದೀನಿ."

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ನನ್ನ ಪಕ್ಕ ಮಲಗೋದು ಅಷ್ಟು ಕಷ್ಟಾನಾ ನಿಂಗೆ?"

ಅವಳು ಇದಕ್ಕೆ ಸಿದ್ಧಳಾಗಿರಲಿಲ್ಲ. ಸುಳ್ಳು ಹೇಳಬಹುದಿತ್ತು.

"ಕಷ್ಟ ಅತ್ತೆ. ನಾನು ಪಕ್ಕದಲ್ಲಿ ಮಲಗಿದ್ರೆ ನೀವು ನನ್ನಲ್ಲಿ ಅವರನ್ನ ಹುಡುಕ್ತೀರಾ. ನಾನು ಅವರಾಗಲ್ಲ. ನಂಗೆ ನಾನಾಗೋಕೇ ಆಗ್ತಿಲ್ಲ."

ಅತ್ತೆ ಅಡುಗೆಮನೆಗೆ ಹೋದರು. ಪಾತ್ರೆಗಳು ಒಂದರ ಮೇಲೊಂದು ಬೀಳತೊಡಗಿದವು.

ಬೀರುವಿನ ಬಾಗಿಲನ್ನು ಮಗುವಿನಂತೆ ಎದೆಗವಚಿಕೊಂಡು ನಿಂತಿದ್ದ ಬಡಗಿ ಒಬ್ಬೊಬ್ಬರ ಮುಖವನ್ನೂ ನೋಡಿದ. "ಈಗ ಕಳಚ್ಲಾ, ಜೋಡಿಸ್ಲಾ?"

"ಕಳಚಿ," ಎಂದಳು ಅವಳು. "ಕಳಚಿ ಆ ಸಣ್ಣ ಕೋಣೇಲಿ ಜೋಡಿಸಿ."

ಮೈದುನ ಟೇಪನ್ನು ಮಂಚದ ಮೇಲೆ ಎಸೆದು ಹೊರಟುಹೋದ. ಬೇಡ ಎಂದು ಮಾತ್ರ ಹೇಳಲಿಲ್ಲ.

ಸಣ್ಣ ಕೋಣೆಯಲ್ಲಿ ಬೀರು ಹಿಡಿಸಿತು. ಮಂಚ ಹಿಡಿಸಲಿಲ್ಲ, ಇಬ್ಬರ ಮಂಚ, ಗೋಡೆಯಿಂದ ಗೋಡೆಗೆ ಬಂದು ಬಾಗಿಲು ತೆರೆಯಲು ಬಿಡಲಿಲ್ಲ. ಅದನ್ನು ದೊಡ್ಡ ಕೋಣೆಯಲ್ಲೇ ಬಿಟ್ಟು, ಹಾಸಿಗೆಯನ್ನು ಮಾತ್ರ ನೆಲಕ್ಕೆ ಹಾಸಿಕೊಂಡಳು. ಪುಟ್ಟಿಯ ಮೀನು, ಆನೆಗಳನ್ನು ಉಗುರಿನಿಂದ ಬಿಡಿಸಿ ಕೊಟ್ಟಳು. ರಾಕೆಟ್ಟು ಹರಿಯಿತು. ಪುಟ್ಟಿ ಗಂಟಲು ಹರಿಯುವಂತೆ ಅತ್ತಳು. ಓರಗಿತ್ತಿ ಅವಳನ್ನು ಎತ್ತಿಕೊಳ್ಳಲಾರದೆ ನೆಲದ ಮೇಲೆ ಕೂತು, ಅವಳೂ ಕಣ್ಣೊರೆಸಿಕೊಂಡಳು. ಮಧ್ಯಾಹ್ನದ ಊಟಕ್ಕೆ ಅವಳನ್ನು ಯಾರೂ ಕರೆಯಲಿಲ್ಲ. ಅವಳೇ ಹೋಗಿ, ಯಾರ ಮುಖವನ್ನೂ ನೋಡದೆ ತಟ್ಟೆಗೆ ಬಡಿಸಿಕೊಂಡು ಹೊಟ್ಟೆ ತುಂಬ ಉಂಡಳು. ಬಹಳ ದಿನವಾಗಿತ್ತು ಹಾಗೆ ಉಂಡು.

ಆಮೇಲೆ ಕೋಣೆಗೆ ಬಂದು ಬಾಗಿಲು ಹಾಕಿದಳು.

ಶಾಂತಿಯೇನೂ ಇರಲಿಲ್ಲ. ಕಿಟಕಿಗೆ ಎದುರು ಪಕ್ಕದ ಕಟ್ಟಡದ ಬೂದು ಗೋಡೆ, ಅದರ ಮೇಲೊಂದು ತೊಟ್ಟಿಕ್ಕುವ ಕೊಳವೆ. ಗೋಡೆಯಾಚೆ ಮೈದುನ ಯಾರಿಗೋ ಫೋನು ಮಾಡಿ, ಅವಳಿಗೆ ಕೇಳಿಸಲೆಂದೇ ದೊಡ್ಡ ದನಿಯಲ್ಲಿ, "ಇಲ್ಲ ಇಲ್ಲ, ನಮ್ಮನೇಲಿ ಈಗ ಕಾನೂನು ಬದಲಾಗಿದೆ," ಎನ್ನುತ್ತಿದ್ದ. ಅತ್ತೆಯ ಪಾತ್ರೆಗಳ ಗದ್ದಲ ನಿಂತಿತ್ತು; ನಿಂತದ್ದು ಗದ್ದಲಕ್ಕಿಂತ ಹೆಚ್ಚು ಕಿರಿಕಿರಿಯಾಗಿತ್ತು. ಸಂಜೆ ಅತ್ತೆಯ ಮುಂದೆ ಹೋಗಿ ಹೇಗೆ ನಿಲ್ಲುವುದೆಂದು ಅವಳಿಗೆ ತಿಳಿಯಲಿಲ್ಲ. ಇಷ್ಟೊಂದು ಸಿಟ್ಟು ಇಷ್ಟು ದಿನ ಎಲ್ಲಿತ್ತು, ಅದಕ್ಕೆ ಇನ್ನು ದಿನಾ ಏನು ಹಾಕಿ ಸಾಕುವುದು ಎಂದು ಯೋಚಿಸುತ್ತ ಅವಳು ಗೋಡೆಗೆ ಒರಗಿ ಕೂತಳು.

ಯಾರೋ ಬಾಗಿಲು ತಟ್ಟಿದರು. ಓರಗಿತ್ತಿಯ ದನಿ.

"ಅಕ್ಕ, ಪುಟ್ಟೀನ ಸ್ವಲ್ಪ ನೋಡ್ಕೋತೀರಾ? ಸೊಂಟ ಬಿದ್ದುಹೋಗ್ತಿದೆ, ಒಂದು ಗಳಿಗೆ ಮಲಗ್ತೀನಿ."

ಅವಳು ಏಳಲು ಕೈಯೂರಿದಳು. ಊರಿದ ಕೈಯನ್ನು ಹಾಗೇ ತೆಗೆದಳು.

"ಈಗ ಆಗಲ್ಲ," ಎಂದಳು. "ಸಂಜೆ ಬರ್ತೀನಿ. ಪಾರ್ಕಿಗೆ ಕರ್ಕೊಂಡು ಹೋಗ್ತೀನಿ."

ಬಾಗಿಲಾಚೆ ಓರಗಿತ್ತಿ ಚಪ್ಪಲಿ ಎಳೆಯುತ್ತ ಹಾಲ್‌ಗೆ ಹೋದಳು. ಅಲ್ಲಿಂದ ಅವಳ ದನಿ ಕೇಳಿಸಿತು, ಓರಗಿತ್ತಿಗೇ ಹೊಸದೆನ್ನುವಂಥ ದನಿ:

"ರೀ, ಫೋನಿಡಿ. ನೀವೇ ನೋಡ್ಕೊಳ್ಳಿ. ನಾನು ಮಲಗ್ತೀನಿ."

ಮೈದುನನ ಮಾತು ಅರ್ಧಕ್ಕೆ ನಿಂತಿತು.